ವಿಪೆಟ್ ತರುವ ಮುನ್ನ ಗೇಟು ನೋಡಿ

ನೈರೋಬಿಯಲ್ಲಿ ನಾಯಿ ಸಾಕುವ ಮಾತೆತ್ತಿದರೆ ಎದುರಿಗಿದ್ದವರು ಮೊದಲು ಕೇಳುವುದೇ ‘ಕಾವಲಿಗಾ?’ ಎಂದು. ‘ಮ್ಬ್ವಾ ಕಾಲಿ’, ಅಂದರೆ ಕಚ್ಚುವ ನಾಯಿ ಇದೆ ಹುಷಾರು, ಎಂಬ ಫಲಕ ಗೇಟುಗೇಟಿಗೂ ನೇತಾಡುವ ಊರಿದು. ಹೆಚ್ಚಿನ ಕಾಂಪೌಂಡುಗಳಲ್ಲಿ ಜರ್ಮನ್ ಶೆಫರ್ಡ್, ರಾಟ್‌ವೈಲರ್ ಅಥವಾ ಅವುಗಳ ಬೆರಕೆ ತಳಿಗಳೇ ಇರುತ್ತವೆ. ಪಾರ್ಕ್‌ಲ್ಯಾಂಡ್ಸ್‌ನ ಫ್ಲ್ಯಾಟಿನಲ್ಲೋ ಲೊರೇಶೊದ ತೋಟದ ಮನೆಯಲ್ಲೋ ಇರುವ ಕನ್ನಡ ಕುಟುಂಬಕ್ಕೆ ಮಕ್ಕಳು ವಿಪೆಟ್ ಬೇಕೆಂದು ಗಂಟುಬಿದ್ದಿದ್ದರೆ, ಆ ಪ್ರಶ್ನೆಯಿಂದಲೇ ಲೆಕ್ಕ ಶುರುವಾಗಬೇಕು.

ವಿಪೆಟ್ ಅಂದರೆ ನಮ್ಮ ಮುಧೋಳ ನಾಯಿಯನ್ನೇ ಮೊಣಕಾಲೆತ್ತರಕ್ಕೆ ಇಳಿಸಿದ ಹಾಗೆ. ಅದೇ ಸಣಕಲು ಸೊಂಟ, ಆಳವಾದ ಎದೆ, ಚೂಪು ಮೂತಿ. ಹೆಗಲ ಹತ್ತಿರ ಅಳೆದರೆ 44ರಿಂದ 51 ಸೆಂ.ಮೀ., ತೂಕ ಹತ್ತರಿಂದ ಹದಿನೆಂಟು ಕಿಲೋ. ಹತ್ತೊಂಬತ್ತನೇ ಶತಮಾನದಲ್ಲಿ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮೊಲ ಹಿಡಿಸಲು, ಪಂದ್ಯ ಕಟ್ಟಲು ಬೆಳೆಸಿದ ತಳಿ ಇದು. ಓಟದ ಕೊನೆಯಲ್ಲಿ ಒಡೆಯ ಬಟ್ಟೆಯ ತುಂಡು ಬೀಸುತ್ತಿದ್ದ, ನಾಯಿ ಅದರತ್ತ ನುಗ್ಗುತ್ತಿತ್ತು. ಚಿಕ್ಕ ದೂರದಲ್ಲಿ ಗಂಟೆಗೆ 55 ಕಿ.ಮೀ. ವೇಗ ಮುಟ್ಟುತ್ತದೆ. ಮನೆಯೊಳಗೆ ಮಾತ್ರ ದಿನದ ಬಹುಪಾಲು ಸೋಫಾ ಬಿಟ್ಟೇಳುವುದಿಲ್ಲ. ಬೊಗಳುವುದು ಕಡಿಮೆ, ಕೂದಲು ಉದುರುವುದು ಕಡಿಮೆ. ಆಯಸ್ಸು ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದು ವರ್ಷ. ಇಷ್ಟು ಕೇಳಿದವರು ಮರಿ ಹುಡುಕಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ.

ಮೊದಲ ಹೆಜ್ಜೆ: ಕಾವಲು ಬೇಕೋ, ಒಡನಾಟ ಬೇಕೋ

ಕಾವಲು ಬೇಕಿದ್ದರೆ ಈ ಲೇಖನವನ್ನು ಇಲ್ಲಿಗೇ ಮಡಚಿಡಬಹುದು. ವಿಪೆಟ್ ಅಪರಿಚಿತರನ್ನು ಕಂಡರೆ ಒಂದೋ ಬಾಲ ಆಡಿಸುತ್ತದೆ, ಇಲ್ಲವೇ ಒಳಕೋಣೆಗೆ ಸರಿಯುತ್ತದೆ. ‘ಹಗಲಿಗೆ ವಿಪೆಟ್, ರಾತ್ರಿಗೆ ಕಾವಲುನಾಯಿ’ ಎಂದು ಎರಡನ್ನೂ ಇಟ್ಟುಕೊಳ್ಳುವ ಯೋಚನೆ ಕೆಲವರಿಗಿದೆ. ಆದರೆ ನಲವತ್ತು ಕಿಲೋ ತೂಗುವ ನಾಯಿ ಆಟಕ್ಕೆಂದು ಹಲ್ಲು ತಾಗಿಸಿದರೂ ವಿಪೆಟ್‌ನ ತೆಳು ಚರ್ಮ ಹರಿದು ಹೊಲಿಗೆ ಬೀಳುತ್ತದೆ. ಎರಡೂ ಇರಲೇಬೇಕೆಂದರೆ ಓಡಾಟದ ಜಾಗ ಬೇರೆಬೇರೆ ಇರಲಿ.

ಎರಡನೆಯದು: ಗೇಟು ಮತ್ತು ಬೇಲಿ

ನನ್ನ ಪ್ರಕಾರ ನೈರೋಬಿಯಲ್ಲಿ ವಿಪೆಟ್ ಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಇಲ್ಲೇ.

ಸಂಜೆ ಆರೂವರೆ. ಕಾರು ಹಾರ್ನ್ ಹಾಕುತ್ತದೆ, ಕಾವಲುಗಾರ ಅಸ್ಕಾರಿ ಕಬ್ಬಿಣದ ಗೇಟನ್ನು ಪಕ್ಕಕ್ಕೆ ದೂಡುತ್ತಾನೆ, ಅಪ್ಪ ಬಂದರೆಂದು ಮಕ್ಕಳು ಮನೆ ಬಾಗಿಲು ತೆರೆಯುತ್ತಾರೆ. ಎರಡು ಬಾಗಿಲೂ ಒಟ್ಟಿಗೆ ತೆರೆದಿರುವ ಕ್ಷಣ ಅದು. ಆಚೆ ಬದಿಯಲ್ಲಿ ಬೆಕ್ಕೊಂದು ದಾಟಿತು ಅನ್ನಿ. ಪೂರ್ತಿ ವೇಗಕ್ಕೆ ಬಿದ್ದ ವಿಪೆಟ್ ಸೆಕೆಂಡಿಗೆ ಹದಿನೈದು ಮೀಟರ್ ಓಡುತ್ತದೆ. ಗೇಟು ಮುಚ್ಚುವಷ್ಟರಲ್ಲಿ ಅದು ಮಟಾಟು ಮಿನಿಬಸ್ಸುಗಳು ನುಗ್ಗುವ ರಸ್ತೆಯಲ್ಲಿರುತ್ತದೆ. ಇದು ವಾಸನೆ ಹಿಡಿದು ಹೋಗುವ ನಾಯಿಯಲ್ಲ, ಕಣ್ಣಿಗೆ ಬಿದ್ದದ್ದನ್ನು ಅಟ್ಟುವ ಜಾತಿ. ಬೆನ್ನಟ್ಟುವಾಗ ಹೆಸರು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ. ತರಬೇತಿ ಕೊಟ್ಟರೆ ಸರಿಹೋಗುತ್ತದೆ ಎನ್ನುವವರ ಮಾತನ್ನು ಪೂರ್ತಿ ನಂಬಬೇಡಿ.

ಹಾಗಾಗಿ ಮರಿ ಬರುವ ಮೊದಲೇ ಗೇಟಿಗೂ ಮನೆ ಬಾಗಿಲಿಗೂ ನಡುವೆ ಇನ್ನೊಂದು ತಡೆ ಇರಬೇಕು. ವರಾಂಡದ ಗ್ರಿಲ್ ಬಾಗಿಲಾದರೂ ಸಾಕು. ನಾಯಿ ಒಳಗಿದೆ ಎಂದು ಖಚಿತವಾದ ಮೇಲೆಯೇ ಗೇಟು ತೆರೆಯಬೇಕೆಂದು ಅಸ್ಕಾರಿಗೆ ಹೇಳಿಡಿ. ರಾತ್ರಿ ಪಾಳಿಯವನಿಗೆ ಬೇರೆಯಾಗಿಯೇ ಹೇಳಬೇಕು, ಹಗಲಿನವನಿಗೆ ಹೇಳಿದ್ದು ಅವನಿಗೆ ತಲುಪುತ್ತದೆಂಬ ಭರವಸೆ ಇಲ್ಲ.

ಇನ್ನು ಬೇಲಿ. ಹಳೆಯ ಬಡಾವಣೆಗಳಲ್ಲಿ ಕಲ್ಲುಗೋಡೆಯ ಬದಲು ಕೀ ಆ್ಯಪಲ್ ಗಿಡದ ಬೇಲಿ ಇರುತ್ತದೆ. ಊರಿನವರು ಕಯಾಬಾ ಎನ್ನುತ್ತಾರೆ. ಹೊರಗಿನಿಂದ ನೋಡಲು ಹಸಿರು ಗೋಡೆ, ಒಳಗೆ ಬೆರಳುದ್ದದ ಗಟ್ಟಿ ಮುಳ್ಳು. ಅಳಿಲಿನ ಹಿಂದೆ ಅದರೊಳಗೆ ತೂರಿದ ವಿಪೆಟ್ ಮೈಯೆಲ್ಲ ಗೀರಿಕೊಂಡು ಹೊರಬರುತ್ತದೆ. ಬೇರೆ ತಳಿಗೆ ತರಚುಗಾಯವಾಗುವ ಕಡೆ ಇದರ ಚರ್ಮ ಸೀಳುತ್ತದೆ. ಬೊಗೆನ್‌ವಿಲ್ಲಾ, ಮುಳ್ಳುತಂತಿ, ರೇಜರ್ ತಂತಿಗೂ ಇದೇ ಮಾತು. ಗಿಡದ ಬೇಲಿಯಿದ್ದರೆ ಅದರ ಒಳಬದಿಗೆ ಐದಾರು ಅಡಿ ಎತ್ತರದ ಜಾಲರಿ ಹಾಕಿಸಿ. ಬಾಡಿಗೆ ಮನೆಯಾದರೆ ಆ ಖರ್ಚು ಯಾರದೆಂದು ಮಾಲೀಕರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಕಿಲಿಮಾನಿ, ವೆಸ್ಟ್‌ಲ್ಯಾಂಡ್ಸ್‌ನ ಫ್ಲ್ಯಾಟುಗಳಲ್ಲಿ ಬೇಲಿಯ ಚಿಂತೆಯಿಲ್ಲ. ಬಾಡಿಗೆ ಕರಾರಿನಲ್ಲಿ ಸಾಕುಪ್ರಾಣಿಗೆ ಅನುಮತಿ ಇದೆಯೇ ನೋಡಿ. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ. ಬಾಲ್ಕನಿಯ ಕಂಬಿಗಳ ಸಂದಿಯಲ್ಲಿ ಮರಿ ನುಸುಳೀತೇ ಎಂದು ಕೈಯಿಟ್ಟು ಪರೀಕ್ಷಿಸಿ. ಸದ್ದಿಲ್ಲದ ನಾಯಿಯಾದ್ದರಿಂದ ಫ್ಲ್ಯಾಟಿಗೆ ವಿಪೆಟ್ ಒಳ್ಳೆಯ ಆಯ್ಕೆಯೇ. ಆದರೆ ದಿನಕ್ಕೆ ಎರಡು ಸಲ ಯಾರಾದರೂ ಕೆಳಗಿಳಿಸಲೇಬೇಕು.

ಮೂರನೆಯದು: ಮನೆಯಲ್ಲಿ ಯಾರಿರುತ್ತಾರೆ

ವಿಪೆಟ್‌ಗೆ ಒಂಟಿತನ ಆಗದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಕ್ಕಳು ಸಂಜೆ ನಾಲ್ಕರವರೆಗೆ ಶಾಲೆಗೆ ಹೋಗುವ ಮನೆಯಲ್ಲಿ ಹಗಲು ಅದರ ಜೊತೆಗಿರುವವರು ಮನೆಗೆಲಸದವರು ಮಾತ್ರ. ಕಾವಲುನಾಯಿಗಳನ್ನು ಕಂಡು ಬೆಳೆದ ಅವರಲ್ಲಿ ಎಷ್ಟೋ ಜನಕ್ಕೆ ನಾಯಿಯೆಂದರೆ ಭಯ. ಅವರನ್ನು ಕೇಳದೆ ನಿರ್ಧರಿಸಬೇಡಿ. ಮನಸ್ಸಿಲ್ಲದವರ ಕೈಗೆ ಒಪ್ಪಿಸಿದ ನಾಯಿ ದಿನವಿಡೀ ಹಿತ್ತಿಲಲ್ಲಿ ಕಟ್ಟಿಹಾಕಿಸಿಕೊಂಡಿರುತ್ತದೆ. ಮುತ್ತಿ ಕಚ್ಚುವ ಸಿಯಾಫು ಇರುವೆಗಳ ಸಾಲು ಬಂದರೆ ಕಟ್ಟಿಹಾಕಿದ ಪ್ರಾಣಿಗೆ ತಪ್ಪಿಸಿಕೊಳ್ಳಲು ದಾರಿಯಿರದು.

ಮಕ್ಕಳ ಜೊತೆ ಇದು ಮೃದು ಸ್ವಭಾವದ ನಾಯಿ. ನಾಲ್ಕೈದು ವರ್ಷದೊಳಗಿನ ಮಕ್ಕಳಿದ್ದರೆ ಮಾತ್ರ ಕಾಯುವುದು ಲೇಸು, ಕಡ್ಡಿಯಂಥ ಆ ಕಾಲುಗಳ ಮೇಲೆ ಮಗು ಬಿದ್ದರೆ ಮೂಳೆ ಮುರಿಯಬಹುದು.

ಊಟದ ವಿಷಯ. ನೈರೋಬಿಯ ಎಷ್ಟೋ ಮನೆಗಳಲ್ಲಿ ನಾಯಿಗೆ ಮೆಕ್ಕೆಜೋಳದ ಮುದ್ದೆ ಉಗಾಲಿ, ಜೊತೆಗೆ ಒಮೇನಾ ಮೀನು ಅಥವಾ ಮಾಂಸದ ಚೂರು. ಸಸ್ಯಾಹಾರಿ ಮನೆಯಲ್ಲಿ ಬರೀ ಮೊಸರನ್ನ ಹಾಕಿ ಈ ಓಟದ ನಾಯಿಯನ್ನು ಸಾಕಲಾಗದು, ಪ್ರೋಟೀನ್ ಸಾಲದು. ಮಾಂಸ ಬೇಯಿಸಲು ಒಲ್ಲದವರಿಗೆ ಚೀಲದಲ್ಲಿ ಬರುವ ಒಣ ಆಹಾರವೇ ದಾರಿ. ಅದರಲ್ಲೂ ಮಾಂಸ ಇರುತ್ತದೆ, ಅಜ್ಜಿ ಒಪ್ಪುತ್ತಾರೋ ಕೇಳಿಕೊಳ್ಳಿ. ಈರುಳ್ಳಿ ಬಿದ್ದ ಸಾಂಬಾರ್, ಒಣದ್ರಾಕ್ಷಿ ಹಾಕಿದ ಪಾಯಸ, ಚಾಕೊಲೇಟ್ ಮೂರೂ ನಾಯಿಗೆ ವಿಷ. ಪಕ್ಕೆಲುಬು ಕಾಣುತ್ತಿದೆ ಎಂದು ಅತಿಥಿಗಳು ಮರುಗಿ ಹೆಚ್ಚು ಹಾಕುತ್ತಾರೆ. ವಿಪೆಟ್‌ಗೆ ಎರಡು ಮೂರು ಎಲುಬು ಕಾಣುವುದೇ ಸರಿಯಾದ ಮೈಕಟ್ಟು.

ನಾಲ್ಕನೆಯದು: ಹವೆ, ಉಣುಗು, ವೈದ್ಯರು

ಸಮಭಾಜಕದ ಊರಲ್ಲಿ ನಾಯಿಗೆಂಥ ಚಳಿ ಎನ್ನಬೇಡಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಮೇಲಿದೆ. ಜುಲೈ ಬೆಳಿಗ್ಗೆ ಉಷ್ಣತೆ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ, ಮನೆಗಳಲ್ಲಿ ಹೀಟರ್ ಇರುವುದು ಅಪರೂಪ. ಕೊಬ್ಬಿಲ್ಲದ, ಕೂದಲು ತೆಳುವಾದ ವಿಪೆಟ್‌ಗೆ ಜೂನ್‌ನಿಂದ ಆಗಸ್ಟ್‌ವರೆಗೆ ಸ್ವೆಟರ್ ಮತ್ತು ನೆಲದಿಂದ ಮೇಲೆತ್ತಿದ ಹಾಸಿಗೆ ಬೇಕು. ಬಿಸಿಲು ಬಂದ ದಿನ ಅಂಗಾತ ಮಲಗಿ ಹೊಟ್ಟೆ ಕಾಯಿಸಿಕೊಳ್ಳುವುದು ಇದರ ಚಟ. ಬಿಳಿ ಹೊಟ್ಟೆಯ ವಿಪೆಟ್‌ಗಳಿಗೆ ವರ್ಷಗಟ್ಟಲೆ ಸುಡುಬಿಸಿಲು ತಾಗಿದರೆ ಚರ್ಮದ ಗಡ್ಡೆಗಳಾಗುವ ಅಪಾಯವಿದೆ. ನಡುಹಗಲು ಒಳಗೆ ಕರೆದುಕೊಳ್ಳಿ.

ಇಲ್ಲಿ ನಾಯಿಗಳನ್ನು ಕಾಡುವ ದೊಡ್ಡ ಶತ್ರು ಉಣುಗು. ಎರ್ಲಿಕಿಯಾ, ಬೇಬಿಸಿಯಾ ಎಂಬ ರೋಗಾಣುಗಳನ್ನು ಹರಡುತ್ತದೆ. ಜನ ಎಲ್ಲಕ್ಕೂ ಸೇರಿಸಿ ಟಿಕ್ ಫೀವರ್ ಎನ್ನುತ್ತಾರೆ. ಜ್ವರ, ಮಂಕು, ವಸಡು ಬಿಳಿಚುವುದು, ಮೂಗಿನಲ್ಲಿ ರಕ್ತ ಕಂಡರೆ ಮರುದಿನಕ್ಕೆ ಮುಂದೂಡಬೇಡಿ. ವೈದ್ಯರು ಹೇಳಿದ ಉಣುಗು ಮಾತ್ರೆಯನ್ನು ಮಳೆಗಾಲ, ಬೇಸಿಗೆ ಎನ್ನದೆ ವರ್ಷಪೂರ್ತಿ ತಪ್ಪದೆ ಕೊಡಬೇಕು.

ವಿಪೆಟ್ ಸಾಕುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಈ ಜಾತಿಯ ಓಟದ ನಾಯಿಗಳ ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ ಉಳಿದ ನಾಯಿಗಳಿಗಿಂತ ಸಹಜವಾಗಿಯೇ ಹೆಚ್ಚು. ಆ ಪ್ರಮಾಣ ಅಳೆಯುವ ಪಿಸಿವಿ ಪರೀಕ್ಷೆಯಲ್ಲಿ ನಲವತ್ತು ಬಂದರೆ ಬೇರೆ ನಾಯಿಗೆ ಅದು ಆರೋಗ್ಯದ ಅಂಕಿ. ವಿಪೆಟ್‌ಗಾದರೆ ಉಣುಗು ಜ್ವರದಿಂದ ಆಗಲೇ ರಕ್ತ ಇಳಿಯುತ್ತಿರುವ ಸೂಚನೆ ಇದ್ದೀತು. ನಾಯಿ ಗಟ್ಟಿಮುಟ್ಟಾಗಿರುವಾಗಲೇ ಒಮ್ಮೆ ರಕ್ತಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಂಡರೆ ಮುಂದೆ ಹೋಲಿಸಲು ಆಗುತ್ತದೆ. ಅರಿವಳಿಕೆಯಲ್ಲೂ ಹುಷಾರು ಬೇಕು. ಥಯೋಪೆಂಟೋನ್‌ನಂಥ ಹಳೆಯ ಮದ್ದು ಇವುಗಳ ಮೈಯಿಂದ ಬೇಗ ಇಳಿಯುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುನ್ನ ಯಾವ ಅರಿವಳಿಕೆ ಕೊಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ.

ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಪ್ರತಿವರ್ಷ. ನಾಯಿಯಿಂದ ಬರುವ ರೇಬೀಸನ್ನು 2030ರೊಳಗೆ ಇಲ್ಲವಾಗಿಸುವ ಯೋಜನೆಯನ್ನು ಕೀನ್ಯಾ 2014ರಲ್ಲೇ ಪ್ರಕಟಿಸಿದೆ. ಆದರೂ ರೋಗ ಇನ್ನೂ ಹೋಗಿಲ್ಲ. ಕೌಂಟಿಯ ನಾಯಿ ಪರವಾನಗಿಯನ್ನೂ ಜೊತೆಗೇ ವಿಚಾರಿಸಿಕೊಳ್ಳಿ.

ಐದನೆಯದು: ಓಡಲು ಜಾಗ

ದಿನಕ್ಕೆ ಒಂದು ಗಂಟೆಯ ನಡಿಗೆ, ನಡುವೆ ಕೆಲವು ನಿಮಿಷದ ಬಿರುಸಿನ ಓಟ ಸಾಕು. ನಡಿಗೆಗೆ ಕರೂರಾ ಅರಣ್ಯ ಇದೆ, ಹಗ್ಗ ಹಿಡಿದುಕೊಂಡು ಹೋಗಬಹುದು. ಅಲ್ಲಿ ಸೈಕ್ಸ್ ಮಂಗಗಳೂ ಪುಟ್ಟ ಡೈಕರ್ ಜಿಂಕೆಗಳೂ ಇವೆ, ಹಾಗಾಗಿ ಹಗ್ಗ ಬಿಚ್ಚುವ ಯೋಚನೆಯೇ ಬೇಡ. ವಿಪೆಟ್‌ನ ಕತ್ತು ತಲೆಗಿಂತ ದಪ್ಪವಾದ್ದರಿಂದ ಮಾಮೂಲಿ ಪಟ್ಟಿ ಹಿಂದಕ್ಕೆ ಜಗ್ಗಿದರೆ ಕಳಚಿಬರುತ್ತದೆ. ಜಗ್ಗಿದಾಗ ಬಿಗಿಯಾಗುವ ಅಗಲದ ಮಾರ್ಟಿಂಗೇಲ್ ಪಟ್ಟಿಯೇ ಬೇಕು. ಓಟಕ್ಕೆ ನಾಲ್ಕೂ ಕಡೆ ಗೋಡೆಯಿರುವ ಮೈದಾನ ಅಥವಾ ಸ್ನೇಹಿತರ ಕಾಂಪೌಂಡು ಹುಡುಕಿಕೊಳ್ಳಿ. ರಾಷ್ಟ್ರೀಯ ಉದ್ಯಾನಗಳಿಗೆ ಸಾಕುನಾಯಿ ಒಯ್ಯುವಂತಿಲ್ಲ. ಉದ್ಯಾನದ ಅಂಚಿನ ಕರೆನ್, ಲಾಂಗಾಟಾ ಕಡೆ ಇರುವವರು ಕತ್ತಲಾದ ಮೇಲೆ ನಾಯಿಯನ್ನು ಹೊರಗೆ ಬಿಡಬೇಡಿ, ಅಲ್ಲಿ ಚಿರತೆಯ ಕಾಟ ಹೊಸದಲ್ಲ.

ಆರನೆಯದು: ಕೆಲಸದ ಕರಾರು ಎಷ್ಟು ವರ್ಷದ್ದು

ನಾಯಿಯ ಆಯಸ್ಸು ಹದಿಮೂರು ವರ್ಷ, ನಿಮ್ಮ ವರ್ಕ್ ಪರ್ಮಿಟ್ ಎರಡು ವರ್ಷದ್ದು. ಊರಿಗೆ ಮರಳುವಾಗ ಏನು ಮಾಡುತ್ತೀರಿ? ಭಾರತಕ್ಕೆ ಒಯ್ಯಲು ಮೈಕ್ರೋಚಿಪ್, ರೇಬೀಸ್ ಲಸಿಕೆಯ ದಾಖಲೆ, ಕೀನ್ಯಾದ ಸರ್ಕಾರಿ ಪಶುವೈದ್ಯ ಇಲಾಖೆಯ ಆರೋಗ್ಯ ಪತ್ರ, ಮೊದಲೇ ಪಡೆದ ಭಾರತೀಯ ಪ್ರಾಣಿ ಕ್ವಾರಂಟೈನ್ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ವಾಸ ಬದಲಿಸಿ ಮರಳುವವರಿಗೆ ಹೊರದೇಶದಲ್ಲಿ ಸತತ ಎರಡು ವರ್ಷ ಇದ್ದಿರಬೇಕೆಂಬ ನಿಯಮವೂ ಇದೆ. ಮರಿ ಕೊಳ್ಳುವ ಮೊದಲೇ ಇದನ್ನು ಆ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಬೇಗ ಹೊರಡುವವರು ತಡೆದು, ಊರಿಗೆ ಹೋದ ಮೇಲೆ ಮುಧೋಳದ ಹತ್ತಿರದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿದರೂ ಆದೀತು. ಆದರೆ ಮುಧೋಳ ದೊಡ್ಡ ನಾಯಿ, ಫ್ಲ್ಯಾಟು ಅದಕ್ಕೆ ಇಕ್ಕಟ್ಟು.

ಏಳನೆಯದು: ಎಲ್ಲಿಂದ ತರುವುದು

ವಿಪೆಟ್ ಇಲ್ಲಿ ಅಪರೂಪ. ರಸ್ತೆಬದಿಯಲ್ಲಿ ಕಾರಿನ ಕಿಟಕಿಗೆ ಮರಿ ಹಿಡಿದು ತೋರಿಸುವವರಿಂದ ಯಾವ ತಳಿಯನ್ನೂ ಕೊಳ್ಳಬೇಡಿ. ಗ್ರೇಹೌಂಡ್ ಬೆರಕೆಯನ್ನೋ ಸಣಕಲು ಬೀದಿಮರಿಯನ್ನೋ ವಿಪೆಟ್ ಎಂದು ದಾಟಿಸುವುದು ಸುಲಭ. ಈಸ್ಟ್ ಆಫ್ರಿಕಾ ಕೆನೆಲ್ ಕ್ಲಬ್ಬಿನ ನೋಂದಣಿ ಕೇಳಿ, ತಾಯಿನಾಯಿಯನ್ನು ಕಣ್ಣಾರೆ ನೋಡಿ, ಎಂಟು ವಾರ ತುಂಬದ ಮರಿಯನ್ನು ಒಪ್ಪಬೇಡಿ. ಒಳ್ಳೆಯ ಸಾಕಣೆದಾರರು ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುತ್ತಾರೆ. ಒಂದೂ ಕೇಳದೆ ಹಣ ಎಣಿಸಿಕೊಳ್ಳುವವರ ಬಳಿ ಕೊಳ್ಳಬೇಡಿ.

ವಿಪೆಟ್ಟೇ ಆಗಬೇಕೆಂಬ ಹಟ ಇಲ್ಲದಿದ್ದರೆ ಪ್ರಾಣಿದಯಾ ಸಂಸ್ಥೆ ಕೆಎಸ್‌ಪಿಸಿಎಗೆ ಒಂದು ಶನಿವಾರ ಮಕ್ಕಳೊಂದಿಗೆ ಹೋಗಿಬನ್ನಿ. ಅಲ್ಲಿಂದ ದತ್ತು ಸಿಗುವ ದೇಸಿ ನಾಯಿಗಳ ಚರ್ಮ ಗಟ್ಟಿ, ಈ ಹವೆಗೆ ಹುಟ್ಟಿನಿಂದಲೇ ಒಗ್ಗಿಕೊಂಡಿವೆ. ಅಲ್ಲಿಂದ ತಂದರೂ, ಬೇರೆ ಕಡೆ ಕೊಂಡರೂ ನಾಯಿ ಮನೆಗೆ ಬರುವ ವಾರವೇ ವೈದ್ಯರ ಭೇಟಿ ನಿಗದಿಯಾಗಿರಲಿ, ಜಾಲರಿ ಕಟ್ಟುವವನು ಅದಕ್ಕೂ ಮುಂಚೆ ಬಂದು ಕೆಲಸ ಮುಗಿಸಿ ಹೋಗಿರಲಿ.