ರಕ್ತನಾಳ ಎಷ್ಟು ಕಿರಿದಾಗಿದೆ? ಇಮೇಜ್‌ಜೆಯಲ್ಲಿ ಅಳೆದು ನೋಡಿ

ಆಂಜಿಯೋಗ್ರಾಂ ನೋಡಿ ಒಬ್ಬರು ‘70 ಪರ್ಸೆಂಟ್ ಬ್ಲಾಕ್’ ಅಂದರೆ, ಅದೇ ಚಿತ್ರಕ್ಕೆ ಇನ್ನೊಬ್ಬರು 50 ಅನ್ನುತ್ತಾರೆ. ಕಣ್ಣಳತೆಯ ಹಣೆಬರಹವೇ ಅಷ್ಟು. ಕ್ಯಾಥ್‌ಲ್ಯಾಬ್‌ಗೆ ಹೊಸಬರಾಗಿದ್ದರೂ ಭಯಪಡಬೇಡಿ, ಅಳೆಯುವುದು ಕಲಿತರೆ ಬರುತ್ತದೆ. ಇಮೇಜ್‌ಜೆ ಉಚಿತ ಸಾಫ್ಟ್‌ವೇರ್. ಇಲ್ಲಿ ಹೇಳಿದ ಅಳತೆ ಅಭ್ಯಾಸಕ್ಕೆ ಮಾತ್ರ. ಚಿಕಿತ್ಸೆಯ ತೀರ್ಮಾನ ಡಾಕ್ಟರದು.

1. ರೋಗಿಯ ಹೆಸರು ತೆಗೆದ ಡೈಕಾಮ್ ಫೈಲನ್ನು ಎಳೆದು ಇಮೇಜ್‌ಜೆ ಪಟ್ಟಿಯ ಮೇಲೆ ಬಿಡಿ. ತೆರೆಯಲಿಲ್ಲವೇ? ಬಹುಶಃ ಕಂಪ್ರೆಸ್ ಆದ ಫೈಲ್. ಬೇರೆ ವ್ಯೂವರ್‌ನಲ್ಲಿ ತೆರೆದು, ಕಂಪ್ರೆಸ್ ಮಾಡದೆ ಸೇವ್ ಮಾಡಿ ತನ್ನಿ.

2. ಫ್ರೇಮ್ ಆರಿಸಿ. ಹೃದಯ ಹಿಗ್ಗಿ, ಇನ್ನೇನು ಕುಗ್ಗಬೇಕು ಅನ್ನುವ ಕ್ಷಣದ ಫ್ರೇಮ್ ಬೇಕು. ಆಗ ನಾಳ ಅಲುಗುವುದು ಕಡಿಮೆ. ಡೈ ಪೂರ್ತಿ ತುಂಬಿರಲಿ, ಮೇಲೆ ಇನ್ನೊಂದು ನಾಳ ಅಡ್ಡ ಹಾಯ್ದಿರಬಾರದು.

3. ಪ್ಲಸ್ ಕೀ ಒತ್ತಿ ಚಿತ್ರ ದೊಡ್ಡದು ಮಾಡಿಕೊಳ್ಳಿ.

4. ಸ್ಕೇಲ್ ಕೊಡಿ. 3 ಫ್ರೆಂಚ್ ಅಂದರೆ 1 ಮಿ.ಮೀ., ಹಾಗಾಗಿ 6 ಫ್ರೆಂಚ್ ಕ್ಯಾಥೆಟರ್‌ನ ಹೊರ ಅಗಲ 2 ಮಿ.ಮೀ. ಸ್ಟ್ರೈಟ್ ಲೈನ್ ಟೂಲ್‌ನಿಂದ ಅದರ ಅಡ್ಡಕ್ಕೆ ಗೆರೆ ಎಳೆಯಿರಿ. ಅನಲೈಸ್ ಮೆನುವಿನ ಸೆಟ್ ಸ್ಕೇಲ್‌ಗೆ ಹೋಗಿ, ನೋನ್ ಡಿಸ್ಟನ್ಸ್ ಜಾಗದಲ್ಲಿ 2 ಹಾಕಿ. ಎಚ್ಚರ: ಕ್ಯಾಥೆಟರ್ 8 ಪಿಕ್ಸೆಲ್ ಅಗಲ ಕಂಡರೆ, ಒಂದೇ ಪಿಕ್ಸೆಲ್ ತಪ್ಪಿದರೂ ಅಳತೆ ಶೇ. 12ರಷ್ಟು ಏರುಪೇರಾಗುತ್ತದೆ. ಆದರೆ ಶೇಕಡಾವಾರು ಮಾತ್ರ ಬೇಕಿದ್ದರೆ ಸ್ಕೇಲ್ ಇಲ್ಲದೆಯೂ ನಡೆಯುತ್ತದೆ.

5. ಅತಿ ಕಿರಿದಾದ ಜಾಗದಲ್ಲಿ, ನಾಳಕ್ಕೆ ಸರಿಯಾಗಿ ಅಡ್ಡಲಾಗಿ ಗೆರೆ ಎಳೆದು ಎಂ ಕೀ ಒತ್ತಿ. ಗೆರೆ ಓರೆಯಾದರೆ ನಾಳ ಇರುವುದಕ್ಕಿಂತ ಅಗಲ ಕಾಣುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆದುಕೊಳ್ಳಿ.

6. ಈಗ ಆರೋಗ್ಯವಾಗಿರುವ ಭಾಗವನ್ನು ಅಳೆಯಿರಿ. ಎಲ್ಲರೂ ಎಡವುವುದು ಇಲ್ಲೇ. ಬ್ಲಾಕ್ ದಾಟಿದ ಕೂಡಲೇ ನಾಳ ಕೆಲವೊಮ್ಮೆ ಉಬ್ಬಿರುತ್ತದೆ, ಅದನ್ನು ಬಿಡಿ. ಕವಲು ಒಡೆಯುವ ಜಾಗವನ್ನೂ ಬಿಡಿ. ನಾಳ ಮುಂದೆ ಹೋದಂತೆ ತಾನಾಗಿಯೇ ಸಣ್ಣದಾಗುವುದರಿಂದ, ಬ್ಲಾಕಿಗೆ ಮೊದಲು ಒಂದು ಕಡೆ, ಆಮೇಲೆ ಒಂದು ಕಡೆ ಅಳೆದು ಸರಾಸರಿ ಹಿಡಿಯಿರಿ. ಉದ್ದಕ್ಕೂ ಕೊಬ್ಬು ಕಟ್ಟಿದ ನಾಳವಾದರೆ ‘ಆರೋಗ್ಯದ’ ಭಾಗವೂ ನಂಬಿಕೆಗೆ ಅರ್ಹವಲ್ಲ.

7. ಲೆಕ್ಕ ಹಾಕಿ. ಕಿರಿದಾದಲ್ಲಿ 1.2, ಆರೋಗ್ಯದ ಕಡೆ 3.0 ಮಿ.ಮೀ. ಬಂದರೆ, 1.2ನ್ನು 3.0ರಿಂದ ಭಾಗಿಸಿ, 0.4. ಅದನ್ನು 1ರಿಂದ ಕಳೆದು 100ರಿಂದ ಗುಣಿಸಿ, 60 ಪರ್ಸೆಂಟ್. ಆರನೇ ಹಂತದಲ್ಲಿ 3.0ರ ಬದಲು 2.4 ಅಂತ ಬರೆದುಕೊಂಡಿದ್ದರೆ? ಅದೇ ಬ್ಲಾಕ್ 50 ಆಗಿಬಿಡುತ್ತಿತ್ತು!

8. ಸುಮಾರು 90 ಡಿಗ್ರಿ ತಿರುಗಿಸಿ ತೆಗೆದ ಇನ್ನೊಂದು ಚಿತ್ರದಲ್ಲೂ ಇಷ್ಟನ್ನೇ ಮಾಡಿ. ಒತ್ತಿ ಖಾಲಿ ಮಾಡಿದ ಟೂತ್‌ಪೇಸ್ಟ್ ಟ್ಯೂಬನ್ನು ಎದುರಿನಿಂದ ನೋಡಿದರೆ ಅಗಲ, ಪಕ್ಕದಿಂದ ನೋಡಿದರೆ ಗೆರೆಯಷ್ಟೇ. ಬ್ಲಾಕ್ ಕೂಡ ಹಾಗೇ ಚಪ್ಪಟೆಯಾಗಿರಬಹುದು. ಎರಡು ಉತ್ತರ ಬಂದರೆ ಎರಡನ್ನೂ ಕೋನದ ಸಮೇತ ಬರೆದಿಡಿ.