ಎಸ್‌ಎಂಎಸ್ ಓದುವ ಕಳ್ಳ

ಬಾಕಿ ಟ್ರಾಫಿಕ್ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಿದ್ದ ದಿನಗಳು, 2025ರ ಆಗಸ್ಟ್ ಕೊನೆ. ಮೈಸೂರಿನ ರಾಮಸ್ವಾಮಿ ವೃತ್ತದಲ್ಲಿ ಹೆಲ್ಮೆಟ್ ಇಲ್ಲದೆ ದಾಟಿದ್ದು ನನ್ನನ್ನು ಕೊರೆಯುತ್ತಲೇ ಇತ್ತು. ಹಾಗಿರುವಾಗ ವಾಟ್ಸಾಪಿಗೆ ‘ಆರ್‌ಟಿಒ ಚಲನ್’ ಎಂಬ ಫೈಲು ಬಂತು. ಹೆಸರಿನ ಬಾಲದಲ್ಲಿ ಎಪಿಕೆ ಎಂಬ ಮೂರಕ್ಷರ, ಅದು ಆ್ಯಪ್‌ನ ಗುರುತೆಂದು ಆಗ ಗೊತ್ತಿರಲಿಲ್ಲ. ಒತ್ತಿದೆ. ಎಸ್‌ಎಂಎಸ್ ನೋಡಲು ಅನುಮತಿ ಕೇಳಿತು, ಕೊಟ್ಟೆ. ಚಲನ್ ತೋರಿಸಲು ಒಂದು ರೂಪಾಯಿ ಕಟ್ಟಿ ಎಂದಿತು, ಡೆಬಿಟ್ ಕಾರ್ಡಿನ ವಿವರ ತುಂಬಿದೆ. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ಮೂರು ಸಲಕ್ಕೆ 47,300 ರೂಪಾಯಿ ಹೋಗಿತ್ತು. ಒಟಿಪಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಬಂದದ್ದನ್ನು ಬಂದ ಹಾಗೇ ಆ ಆ್ಯಪ್ ಅತ್ತ ದಾಟಿಸುತ್ತಿತ್ತು.

ಫೋನ್ ಕದ್ದಾಲಿಕೆ ಎಂದರೆ ನನ್ನ ವಯಸ್ಸಿನವರಿಗೆ 1988 ನೆನಪಾಗುತ್ತದೆ, ರಾಮಕೃಷ್ಣ ಹೆಗಡೆಯವರು ಅದೇ ಆರೋಪಕ್ಕೆ ಮುಖ್ಯಮಂತ್ರಿ ಸ್ಥಾನ ಬಿಟ್ಟ ವರ್ಷ. 2021ರಲ್ಲಿ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶದ ಗುರಿಗಳೆನ್ನಲಾದ ನಂಬರುಗಳ ಪಟ್ಟಿ ಹೊರಬಿದ್ದಾಗ ನಮ್ಮ ಜಿಲ್ಲೆಯವರೇ ಆದ ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಯ ನಂಬರೂ ಅದರಲ್ಲಿತ್ತೆಂದು ವರದಿಯಾಯಿತು. ದೊಡ್ಡವರ ಮಾತಿಗೆ ಬೆಲೆಯುಂಟು. ನಾನು ತಂಗಿಯ ಹತ್ತಿರ ಮಂಡಿನೋವಿನ ಬಗ್ಗೆ ಆಡುವ ಮಾತನ್ನು ಯಾವ ಕಳ್ಳ ಕೇಳಿಯಾನು? ಅವನಿಗೆ ಬೇಕಾದದ್ದು ಒಟಿಪಿಯ ಆರು ಅಂಕಿ.

ದೇವರಾಜ ಅರಸು ರಸ್ತೆಯ ಮೊಬೈಲ್ ರಿಪೇರಿ ಹುಡುಗ ಫೋನ್ ಕಿತ್ತುಕೊಂಡು, ‘ಮೊದ್ಲು ಏರೋಪ್ಲೇನ್ ಮೋಡ್‌ಗೆ ಹಾಕ್ಬೇಕಿತ್ತು ಸಾರ್, ನಿಮ್ಮನೇವ್ರ ಫೋನಿಂದ ಸೈಬರ್ ಹೆಲ್ಪ್‌ಲೈನ್ 1930ಕ್ಕೆ ಮಾಡ್ಬೇಕಿತ್ತು’ ಎಂದ. ನಾನು ಆ ಹೊತ್ತಿಗೆ ಒಂದೂವರೆ ಗಂಟೆ ಕಳೆದಿದ್ದೆ.

ಈ ಒಂದೂವರೆ ಗಂಟೆಯ ಬೆಲೆ ತಿಳಿದದ್ದು ಬ್ಯಾಂಕಿನಲ್ಲಿ. ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ನಮ್ಮದೂ ಅಲ್ಲ ಎನ್ನುವಂಥ ವಂಚನೆಯಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಪೂರ್ತಿ ಹಣ ವಾಪಸ್. ಗ್ರಾಹಕರ ಅಜಾಗರೂಕತೆಯಿಂದ ಆಗಿದ್ದರೆ, ದೂರು ಕೊಡುವವರೆಗಿನ ನಷ್ಟ ಗ್ರಾಹಕರದು, ಆಮೇಲಿನದು ಬ್ಯಾಂಕಿನದು. ‘ನೀವೇ ಇನ್‌ಸ್ಟಾಲ್ ಮಾಡ್ಕೊಂಡಿದ್ದೀರಲ್ಲ ಸಾರ್’ ಎಂದರು ಕೌಂಟರಿನವರು. ವಾದಿಸಲು ನನಗೆ ಮುಖವಿರಲಿಲ್ಲ. 1930ರವರು ತಡೆಹಿಡಿಯಲು ಸಾಧ್ಯವಾದದ್ದು 11,000. ಅದು ನನ್ನ ಕೈಸೇರಲು ಕೋರ್ಟಿನ ಆದೇಶ ಬೇಕೆಂದು ಆಗ ಹೇಳಿದರು, ಕಾಯುತ್ತಿದ್ದೇನೆ.

ಈಗ ನನ್ನ ಮನೆಯ ವ್ಯವಸ್ಥೆ ಹೀಗಿದೆ. ಫೋನಿಗೆ ಅಂಟಿಕೊಂಡ ಖಾತೆಯಲ್ಲಿ ಹಾಲು, ದಿನಸಿ, ಕರೆಂಟ್ ಬಿಲ್ಲಿಗೆ ಸಾಲುವಷ್ಟೇ ಹಣ, ಹೆಚ್ಚೆಂದರೆ ಎಂಟು ಸಾವಿರ. ಕಾರ್ಡಿನ ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮುಚ್ಚಿಟ್ಟಿದ್ದೇನೆ. 2020ರ ಅಕ್ಟೋಬರ್‌ನಿಂದ ಈ ಸೌಲಭ್ಯ ಎಲ್ಲರಿಗೂ ಇದೆ, ಬಳಸುವವರು ಕಡಿಮೆ. ಎಫ್‌ಡಿ ಇದೆಯಲ್ಲ ಎಂದು ನೆಮ್ಮದಿಯಾಗಿರಬೇಡಿ, ಆನ್‌ಲೈನ್‌ನಲ್ಲಿ ಇಟ್ಟದ್ದನ್ನು ಆನ್‌ಲೈನ್‌ನಲ್ಲೇ ಮುರಿಯಬಹುದು. ಉಳಿದ ಹಣ ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿದೆ: ಕಾರ್ಡ್ ತೆಗೆದುಕೊಂಡಿಲ್ಲ, ನೆಟ್ ಬ್ಯಾಂಕಿಂಗ್ ಕೇಳಿಲ್ಲ, ಪಾಸ್‌ಬುಕ್ಕೊಂದೇ. ಬಡ್ಡಿ ಶೇ 4. ದೊಡ್ಡ ಬ್ಯಾಂಕುಗಳೇ ಶೇ 2.5ಕ್ಕೆ ಇಳಿದಿರುವಾಗ ಇದು ನಷ್ಟದ ಬಾಬ್ತೂ ಅಲ್ಲ. ಕ್ಯೂ ನಿಲ್ಲಬೇಕು, ನಿಜ. ಕಳ್ಳನೂ ನಿಲ್ಲಬೇಕಲ್ಲ!

ಅಂದ ಹಾಗೆ, ಹೆಲ್ಮೆಟ್ಟಿನ ದಂಡ ನಿಜವಾಗಿಯೂ ಬಾಕಿಯಿತ್ತು. 500 ರೂಪಾಯಿ. ರಿಯಾಯಿತಿ ಮುಗಿಯುವ ಮುನ್ನ ಟ್ರಾಫಿಕ್ ಠಾಣೆಗೇ ಹೋಗಿ 250 ಕಟ್ಟಿ ರಸೀತಿ ತಂದೆ.