ಫೋರ್ ವೀಲ್ ಡ್ರೈವ್ ವಾಹನದ ಹಿಂಭಾಗವನ್ನು ಎತ್ತರಿಸುವ ಕ್ರಮ

ಮಲೆನಾಡು ಹಾಗೂ ಕೊಡಗಿನ ತೋಟಗಳಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಜೀಪು ಮತ್ತು ಪಿಕಪ್‌ಗಳು ಇಂದು ಎತ್ತಿನ ಗಾಡಿಯ ಸ್ಥಾನವನ್ನು ಪಡೆದಿವೆ. ಗೊಬ್ಬರ, ಅಡಿಕೆ, ಕಾಫಿ, ಶುಂಠಿ ಎಲ್ಲವೂ ಇವುಗಳ ಬೆನ್ನ ಮೇಲೆಯೇ ಸಾಗುತ್ತವೆ. ನಾಲ್ಕಾರು ವರ್ಷ ಹೀಗೆ ದುಡಿದ ವಾಹನದ ಹಿಂಭಾಗ ಕುಸಿದು, ಹೊಂಡ ಸಿಕ್ಕಾಗ ತಳ ಬಡಿಯುವುದು ಸಾಮಾನ್ಯ. ಆಗ ಹಲವರು ಮನೆಯಂಗಳದಲ್ಲಿಯೇ ಜಾಕಿ ಕೊಟ್ಟು ಹಿಂಭಾಗವನ್ನು ಎತ್ತರಿಸಲು ತೊಡಗುತ್ತಾರೆ. ಕೆಲಸವೇನೂ ಅಸಾಧ್ಯವಲ್ಲ. ಆದರೆ ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು.

ಇಂತಹ ವಾಹನಗಳ ಹಿಂದಿನ ಅಚ್ಚು ಸಾಮಾನ್ಯವಾಗಿ ಎರಡು ಕಮಾನುಪಟ್ಟಿಗಳ ಕಟ್ಟುಗಳಿಗೆ ಬಿಗಿಯಲ್ಪಟ್ಟಿರುತ್ತದೆ. ಗ್ಯಾರೇಜಿನವರು ಇವನ್ನು ಪ್ಲೇಟ್ ಎನ್ನುತ್ತಾರೆ. ಕಮಾನುಪಟ್ಟಿಯ ಮುಂದಿನ ತುದಿ ಚಾಸಿಗೆ ನೇರವಾಗಿ, ಹಿಂದಿನ ತುದಿ ಶಾಕಲ್ ಎಂಬ ತೂಗುಕೊಂಡಿಯ ಮೂಲಕ ಸೇರಿರುತ್ತದೆ. ಹಿಂಭಾಗವನ್ನು ಎಷ್ಟು ಎತ್ತರಿಸಿದರೂ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಅಚ್ಚಿನ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಇದ್ದಲ್ಲಿಯೇ ಇರುತ್ತದೆ. ನೆಲದಿಂದ ಅದರ ಎತ್ತರವನ್ನು ನಿರ್ಧರಿಸುವುದು ಟೈರಿನ ಗಾತ್ರವೇ ಹೊರತು ಕಮಾನುಪಟ್ಟಿಯಲ್ಲ. ಓಣಿಯ ನಡುದಿಬ್ಬಕ್ಕೆ ಡಿಫರೆನ್ಷಿಯಲ್ ತಾಗುತ್ತಿದ್ದರೆ ಪ್ಲೇಟ್ ಕೆಲಸಕ್ಕೆ ಹಣ ಹಾಕುವುದು ವ್ಯರ್ಥ. ಆ ದಿಬ್ಬವನ್ನು ಗುದ್ದಲಿಯಿಂದ ಕೆತ್ತಿ, ಮಳೆನೀರು ಗಾಲಿಜಾಡಿನಲ್ಲಿ ಹರಿಯದಂತೆ ಬದಿಗೆ ಚರಂಡಿ ತೆಗೆಯುವುದು ಅಗ್ಗದ ಹಾಗೂ ಬಾಳುವ ಪರಿಹಾರ. ಬಾಡಿಯ ಹಿಂತುದಿ ನೆಲಕ್ಕೆ ಉಜ್ಜುತ್ತಿದ್ದರೆ, ಅಥವಾ ಹೇರು ಹಾಕಿದಾಗ ಅಚ್ಚು ತಡೆ ರಬ್ಬರಿಗೆ ಬಡಿಯುತ್ತಿದ್ದರೆ ಮಾತ್ರ ಎತ್ತರಿಸುವ ವಿಚಾರ ಮಾಡಬಹುದು.

ಮೊದಲ ಕೆಲಸ ಅಳತೆ. ವಾಹನವನ್ನು ಖಾಲಿ ಮಾಡಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಸಮನೆಲದಲ್ಲಿ ನಿಲ್ಲಿಸಬೇಕು. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಬೇಕು. ಹಿಂದೆ ಒಂದೇ ಮಗ್ಗುಲು ತಗ್ಗಿದ್ದರೆ ಅಲ್ಲಿ ಪ್ಲೇಟ್ ತುಂಡಾಗಿರಬಹುದು ಅಥವಾ ಬುಷ್ ಸವೆದಿರಬಹುದು. ನಡುವಿನ ಸೆಂಟರ್ ಬೋಲ್ಟ್ ಮುರಿದಿದ್ದರೆ ಅಚ್ಚು ಜಾರಿ ವಾಹನ ಓರೆಯಾಗಿ ಓಡುತ್ತದೆ. ಇವೆಲ್ಲ ದುರಸ್ತಿಯ ಮಾತು. ದುರಸ್ತಿಯಾದೊಡನೆ ಎತ್ತರ ತಾನಾಗಿ ಮರಳುವುದೂ ಉಂಟು. ಪೂರ್ತಿ ಹೇರಿದಾಗ ಪ್ಲೇಟ್ ನೇರವಾಗುವುದು ಸಹಜ. ಖಾಲಿ ಇದ್ದಾಗಲೇ ಅದು ನೇರವಾಗಿದ್ದರೆ ಅಥವಾ ಬೆನ್ನು ತಿರುಗಿ ಕೆಳಗೆ ಬಾಗಿದ್ದರೆ ಉಕ್ಕಿನ ಕಸುವು ಕಳೆದಿದೆ ಎಂದೇ ತಿಳಿಯಬೇಕು.

ಎತ್ತರಿಸಲು ರೂಢಿಯಲ್ಲಿರುವ ಒಂದು ದಾರಿ ಉದ್ದನೆಯ ಶಾಕಲ್ ಹಾಕುವುದು. ಕಮಾನಿನ ಒಂದೇ ತುದಿ ಕೆಳಗಿಳಿಯುವುದರಿಂದ ಶಾಕಲ್ 5 ಸೆಂ.ಮೀ. ಉದ್ದವಾದರೆ ಹಿಂಭಾಗ ಏಳುವುದು ಸುಮಾರು 2.5 ಸೆಂ.ಮೀ. ಮಾತ್ರ. ಜೊತೆಗೆ ಅಚ್ಚು ತಿರುಗಿ ಡಿಫರೆನ್ಷಿಯಲ್ಲಿನ ಮೂತಿ ಮೇಲಕ್ಕೆ ನೋಡುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗಳ ಕ್ರಾಸ್‌ಗಳು ಸಮನಾದ ಕೋನದಲ್ಲಿದ್ದರೆ ಮಾತ್ರ ಶಾಫ್ಟು ನಡುಗದೆ ತಿರುಗುತ್ತದೆ. ಈ ಸಮತೆ ತಪ್ಪಿದರೆ ವೇಗ ಹೆಚ್ಚಿದಂತೆ ಗುಡುಗುಡು ಸದ್ದು, ಆಮೇಲೆ ಕ್ರಾಸ್ ಸವೆತ. ಇನ್ನೊಂದು ದಾರಿ, ಪ್ಲೇಟ್ ಮತ್ತು ಅಚ್ಚಿನ ನಡುವೆ ಕಬ್ಬಿಣದ ಅಚ್ಚುಗಟ್ಟಿ ಇಡುವುದು. ಗಟ್ಟಿಯ ಎತ್ತರದಷ್ಟೇ ಬಾಡಿ ಏಳುತ್ತದೆ. ಆದರೆ ಏರಿನಲ್ಲಿ ಗಾಲಿ ಜಗ್ಗುವಾಗ ಅಚ್ಚು ಈ ಗಟ್ಟಿಯನ್ನು ಸನ್ನೆಯಂತೆ ಬಳಸಿ ಪ್ಲೇಟನ್ನು ತಿರುಚುತ್ತದೆ. ಮರದ ತುಂಡು ಇಡುವುದು, ಗಟ್ಟಿಯ ಮೇಲೆ ಗಟ್ಟಿ ಪೇರಿಸುವುದು ಸರ್ವಥಾ ಕೂಡದು. ಮುಂದಿನ ಅಚ್ಚಿಗಂತೂ ಯಾವ ಗಟ್ಟಿಯನ್ನೂ ಇಡಬಾರದು.

ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿಕೊಂಡು ಬರುವವರೂ ಇದ್ದಾರೆ. ಕಾರ್ಖಾನೆಯಲ್ಲಿ ಈ ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಪುಟಕೊಟ್ಟಿರುತ್ತಾರೆ. ಗ್ಯಾಸ್ ಬೆಂಕಿ ಹಿಡಿದು ಕೆಂಪಾಗಿಸಿದರೆ ಆ ಹದವೇ ಹೋಗುತ್ತದೆ. ಮನೆಗೆ ತಂದಾಗ ಕಮಾನು ಚೆಂದ ಕಾಣುತ್ತದೆ, ಕೆಲವು ಹೇರುಗಳಲ್ಲಿ ಮತ್ತೆ ಮಲಗುತ್ತದೆ.

ಇವೆಲ್ಲಕ್ಕಿಂತ ಒಳ್ಳೆಯದು ಕುಸಿದ ಕಟ್ಟನ್ನು ತೆಗೆದು, ಕಾರ್ಖಾನೆಯ ಅಳತೆಯ ಹೊಸ ಕಟ್ಟನ್ನು ಎರಡೂ ಬದಿಗೆ ಜೊತೆಯಾಗಿ ಹಾಕುವುದು. ಅದೇ ದಪ್ಪದ ಒಂದು ಪ್ಲೇಟ್ ಹೆಚ್ಚಿಗೆ ಸೇರಿಸುವ ಪದ್ಧತಿಯೂ ಇದೆ. ಆರು ಪ್ಲೇಟಿನ ಕಟ್ಟಿಗೆ ಏಳನೆಯದು ಸೇರಿದರೆ ಬಿಗಿತ ಸುಮಾರು ಆರರಲ್ಲೊಂದು ಪಾಲು ಹೆಚ್ಚುತ್ತದೆ. ಖಾಲಿ ಓಡಿಸುವಾಗ ಹಿಂಭಾಗ ಪುಟಿಯುತ್ತದೆ. ಪ್ಲೇಟ್ ಸೇರಿತೆಂದು ವಾಹನದ ಹೊರೆಯ ಮಿತಿ ಹೆಚ್ಚುವುದಿಲ್ಲ. ಅಚ್ಚು, ಬೇರಿಂಗ್, ಬ್ರೇಕು, ಟೈರು ಎಲ್ಲವೂ ಹಳೆಯವೇ.

ಬ್ರೇಕಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹಲವು ಪಿಕಪ್‌ಗಳಲ್ಲಿ ಹಿಂದಿನ ಅಚ್ಚು ಮತ್ತು ಚಾಸಿಯ ನಡುವೆ ಸರಳೊಂದಿದ್ದು, ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ವಾಲ್ವಿಗೆ ಸೇರಿರುತ್ತದೆ. ಬಾಡಿ ತಗ್ಗಿದಷ್ಟೂ ಹೊರೆ ಇದೆ ಎಂದು ಅದು ಅರಿಯುತ್ತದೆ. ಬಾಡಿಯನ್ನು ಎತ್ತರಿಸಿದರೆ, ಅಥವಾ ಹೊರೆ ಬಿದ್ದರೂ ತಗ್ಗದಂತೆ ಪ್ಲೇಟನ್ನು ಬಿಗಿಮಾಡಿದರೆ, ಗಾಡಿ ಖಾಲಿ ಇದೆಯೆಂದೇ ವಾಲ್ವು ಬಗೆದು ಹಿಂದಿನ ಬ್ರೇಕನ್ನು ದುರ್ಬಲಗೊಳಿಸುತ್ತದೆ. ಘಾಟಿ ಇಳಿಯುವಾಗ ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ. ಆದುದರಿಂದ ಈ ಸರಳನ್ನು ಬಲ್ಲ ಮೆಕ್ಯಾನಿಕ್ಕನಿಂದ ಹೊಸ ಎತ್ತರಕ್ಕೆ ಹೊಂದಿಸದೆ ಹೇರು ಹಾಕಬಾರದು.

ವಾಹನ ಮಗುಚುವ ಭಯವನ್ನೂ ಲೆಕ್ಕದಿಂದ ನೋಡಬಹುದು. ಎಡಬಲ ಚಕ್ರಗಳ ನಡುವಣ ಅಂತರ 130 ಸೆಂ.ಮೀ., ಹೇರು ಸಹಿತ ಭಾರಕೇಂದ್ರ ನೆಲದಿಂದ 80 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. ಕಾಗದದ ಲೆಕ್ಕದಲ್ಲಿ ಸುಮಾರು 39 ಡಿಗ್ರಿ ಅಡ್ಡ ಇಳಿಜಾರಿನಲ್ಲಿ ಅದು ಮಗುಚುತ್ತದೆ. ಹಿಂಭಾಗವನ್ನು 5 ಸೆಂ.ಮೀ. ಎತ್ತರಿಸಿ ಭಾರಕೇಂದ್ರ 3 ಸೆಂ.ಮೀ. ಏರಿದರೆ ಇದು 38ಕ್ಕೆ ಇಳಿಯುತ್ತದೆ. ಒಂದು ಡಿಗ್ರಿ ದೊಡ್ಡದಲ್ಲ ಎನಿಸಬಹುದು. ಆದರೆ ಗಾಡಿ ತಗ್ಗುತ್ತಿಲ್ಲವೆಂಬ ಧೈರ್ಯದಲ್ಲಿ 60 ಕಿಲೋ ಶುಂಠಿ ಮೂಟೆಗಳ ಇನ್ನೊಂದು ಸಾಲು ಪೇರಿಸಿ ಭಾರಕೇಂದ್ರವನ್ನು 95 ಸೆಂ.ಮೀ.ಗೆ ಏರಿಸಿದರೆ ಮಿತಿ 34 ಡಿಗ್ರಿಗೆ ಬಂದು ನಿಲ್ಲುತ್ತದೆ. ಪ್ಲೇಟಿನ ಬಾಗು, ಟೈರಿನ ಮೆದುತನ, ಜಾಡಿನ ಹೊಂಡ ಇವೆಲ್ಲ ಸೇರಿ ನಿಜವಾದ ಮಿತಿ ಇದಕ್ಕಿಂತ ಬಹಳ ಕಡಿಮೆ. ಮೂಟೆಯ ಮೇಲೆ ಆಳುಗಳನ್ನು ಕೂರಿಸುವ ರೂಢಿಯಂತೂ ಕೂಡಲೇ ನಿಲ್ಲಬೇಕು.

ಹಿಂಭಾಗ ಏರಿದರೆ ಮೂತಿ ಬಾಗುತ್ತದೆ. ಅಚ್ಚುಗಳ ನಡುವೆ 240 ಸೆಂ.ಮೀ. ಇರುವ ವಾಹನದಲ್ಲಿ 5 ಸೆಂ.ಮೀ. ಏರಿಕೆಗೆ ಈ ಬಾಗು ಸುಮಾರು 1.2 ಡಿಗ್ರಿ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಅಷ್ಟರಮಟ್ಟಿಗೆ ಕುಗ್ಗುತ್ತದೆ. ದೀಪದ ಬೆಳಕೂ ಹತ್ತಿರ ಬೀಳುತ್ತದೆ. ಈ ಕಾರಣಗಳಿಂದ ಕಾರ್ಖಾನೆಯ ಎತ್ತರಕ್ಕೆ ಮರಳಿಸುವುದರಲ್ಲಿಯೇ ತೃಪ್ತಿಪಡುವುದು ಲೇಸು. ಕಾನೂನೂ ಇದನ್ನೇ ಬಯಸುತ್ತದೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ, ಸರ್ವೋಚ್ಚ ನ್ಯಾಯಾಲಯವೂ 2019ರಲ್ಲಿ ಇದನ್ನು ಎತ್ತಿಹಿಡಿದಿದೆ.

ಮನೆಯಲ್ಲಿ ಕೆಲಸಕ್ಕೆ ಇಳಿಯುವವರು ಗಟ್ಟಿ ಸಮನೆಲವನ್ನು ಆರಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆಮುಂದೆ ಬೆಣೆ ಕೊಡಬೇಕು. ಹ್ಯಾಂಡ್ ಬ್ರೇಕನ್ನು ನಂಬಬಾರದು. ಅನೇಕ ವಾಹನಗಳಲ್ಲಿ ಅದು ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಹಳೆಯ ಜೀಪುಗಳಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವುದರಿಂದ ಒಂದು ಹಿಂಚಕ್ರ ನೆಲ ಬಿಟ್ಟೊಡನೆ ಹಿಡಿತ ತಪ್ಪುತ್ತದೆ. ಚಾಸಿಯನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸದೆ ಅಡಿಗೆ ಹೋಗಕೂಡದು. ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕ್ ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಹಿಂದಿನ ಚಕ್ರಗಳು ಮೇಲಿರುವಾಗ ಫೋರ್ ವೀಲ್ ಹಾಕಿ ಎಂಜಿನ್ ಚಾಲೂ ಮಾಡಿದರೆ ಮುಂದಿನ ಚಕ್ರಗಳು ಎಳೆದು ಗಾಡಿ ಸ್ಟ್ಯಾಂಡಿನಿಂದ ಉರುಳುತ್ತದೆ.

ಅಚ್ಚಿಗೆ ಇನ್ನೊಂದು ಜಾಕಿಯ ಆಸರೆ ಕೊಟ್ಟು ಯು ಬೋಲ್ಟುಗಳನ್ನು ಸಡಿಲಿಸಬೇಕು. ಕಟ್ಟನ್ನು ಬಿಚ್ಚುವುದಿದ್ದರೆ ಸೆಂಟರ್ ಬೋಲ್ಟ್ ತೆಗೆಯುವ ಮುನ್ನ ವೈಸ್ ಅಥವಾ ಕ್ಲ್ಯಾಂಪಿನಲ್ಲಿ ಅದುಮಿ ಹಿಡಿಯತಕ್ಕದ್ದು, ಇಲ್ಲವಾದರೆ ಪ್ಲೇಟುಗಳು ಸಿಡಿದು ಪೆಟ್ಟಾಗುತ್ತದೆ. ಹಳೆಯ ಯು ಬೋಲ್ಟನ್ನು ಮತ್ತೆ ಬಳಸಬಾರದು. ಜೋಡಿಸಿದ ಮೇಲೆ ಅಚ್ಚು ಪೂರ್ತಿ ಕೆಳಗೆ ತೂಗಿದಾಗ ಬ್ರೇಕಿನ ರಬ್ಬರ್ ಕೊಳವೆ ಬಿಗಿಯಾಗಿಲ್ಲವೆಂದೂ, ಶಾಕ್ ಅಬ್ಸಾರ್ಬರ್ ಕೊನೆಯವರೆಗೆ ಚಾಚಿಕೊಂಡಿಲ್ಲವೆಂದೂ ನೋಡಬೇಕು. ರಬ್ಬರ್ ಬುಷ್ ಇರುವ ಶಾಕಲ್ ಬೋಲ್ಟುಗಳನ್ನು ವಾಹನವನ್ನು ನೆಲಕ್ಕಿಳಿಸಿದ ನಂತರವೇ ಬಿಗಿಯಬೇಕು. ತೂಗುತ್ತಿರುವಾಗ ಬಿಗಿದರೆ ರಬ್ಬರು ತಿರುಚಿ ಹರಿಯುತ್ತದೆ. ಯು ಬೋಲ್ಟಿನ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸಮನಾಗಿ, ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿದು, ಮೊದಲ ಹೇರು ಇಳಿಸಿದ ದಿನವೇ ಮತ್ತೊಮ್ಮೆ ಬಿಗಿಯಬೇಕು. ಮೊದಲು ಬರೆದಿಟ್ಟ ನಾಲ್ಕು ಅಳತೆಗಳ ಪಕ್ಕದಲ್ಲಿ ಹೊಸ ಅಳತೆಗಳನ್ನು ಬರೆದು, ತಿಂಗಳ ನಂತರ ಪುನಃ ಅಳೆದರೆ ಪ್ಲೇಟ್ ನಿಂತಿದೆಯೋ ಕುಸಿಯುತ್ತಿದೆಯೋ ತಿಳಿಯುತ್ತದೆ.